ಹದಿನೈದು ನಿಮಿಷದಲ್ಲಿ ಒಂದು ದೇಶ

ಹುಬ್ಬಳ್ಳಿಯಲ್ಲಿ ವಾಸ್ತುಶಿಲ್ಪ ಕಲಿಯುವ ಮಕ್ಕಳಿಗೆ ನಾನು ಪ್ರತಿ ವರ್ಷ ಒಂದು ಅಭ್ಯಾಸ ಕೊಡುತ್ತೇನೆ. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳು ಸೇರಿ ಒಂದು ದೇಶ ಎಂದುಕೊಳ್ಳಿ. ಆ ದೇಶಕ್ಕೆ ವಿಶ್ವ ಎಕ್ಸ್‌ಪೋದಲ್ಲಿ ಒಂದು ನಿವೇಶನ ಸಿಕ್ಕಿದೆ. ಅಲ್ಲಿ ಏನು ಕಟ್ಟುತ್ತೀರಿ? ಮೊದಲ ತಾಸಿನಲ್ಲಿಯೇ ಕರಿಹಲಗೆ ತುಂಬಿಹೋಗುತ್ತದೆ. ಧಾರವಾಡದ ಪೇಡೆ, ಬ್ಯಾಡಗಿ ಮೆಣಸಿನಕಾಯಿ, ಹಾವೇರಿಯ ಏಲಕ್ಕಿ ಹಾರ, ನವಲಗುಂದದ ಜಮಖಾನ, ಬೆಟಗೇರಿಯ ಸೀರೆ, ಕಸೂತಿ, ಲಕ್ಕುಂಡಿಯ ಗುಡಿಗಳು, ಸವಣೂರಿನ ದೊಡ್ಡ ಹುಣಸೆ (ಬಾವೊಬಾಬ್) ಮರಗಳು, ಕಾಗಿನೆಲೆಯ ಕನಕದಾಸರು, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, 1905ರಲ್ಲಿ ಕಣಗಿನಹಾಳದಲ್ಲಿ ಹುಟ್ಟಿದ ಸಹಕಾರ ಸಂಘ, ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್.

ಎರಡನೆಯ ದಿನ ಕೈಗೆ ಡಸ್ಟರ್ ಕೊಟ್ಟು ಹೇಳುತ್ತೇನೆ: ಒಂದನ್ನು ಉಳಿಸಿ, ಮಿಕ್ಕಿದ್ದೆಲ್ಲವನ್ನೂ ಒರೆಸಿ. ತರಗತಿಯ ಸದ್ದಡಗುತ್ತದೆ. ಗದಗದವರು ಲಕ್ಕುಂಡಿಯನ್ನು ಬಿಡಲೊಲ್ಲರು, ಹಾವೇರಿಯವರು ಮೆಣಸಿನಕಾಯಿಯನ್ನು ಬಿಡಲೊಲ್ಲರು. ಒಂದು ದೇಶದ ಪೆವಿಲಿಯನ್ನಿನ, ಅಂದರೆ ಎಕ್ಸ್‌ಪೋದಲ್ಲಿ ಅದು ಎಬ್ಬಿಸುವ ಕಟ್ಟಡದ, ವಿನ್ಯಾಸ ಶುರುವಾಗುವುದು ಈ ಒರೆಸುವ ಕೆಲಸದಿಂದಲೇ. ನಿಜವಾದ ದೇಶಗಳು ಎಡವುವುದೂ ಇಲ್ಲಿಯೇ.

ವಿಶ್ವ ಎಕ್ಸ್‌ಪೋ ಎಂದರೆ ಸರಕು ಮಾರುವ ವಸ್ತುಪ್ರದರ್ಶನ ಎಂದು ಹಲವರು ತಿಳಿದಿದ್ದಾರೆ. ಮಾರಾಟ ಅಲ್ಲಿ ಮುಖ್ಯವಲ್ಲ. ಅದು ದೇಶ ದೇಶಗಳು ಒಂದೇ ಅಂಗಳದಲ್ಲಿ ಆರು ತಿಂಗಳು ಮನೆ ಮಾಡಿಕೊಂಡು, ಬಂದ ಜನರಿಗೆ ತಮ್ಮ ಮಾತು ಹೇಳುವ ಜಾಗ. ಇದಕ್ಕೆ ನಿಯಮ ರೂಪಿಸುವುದು ಪ್ಯಾರಿಸ್‌ನಲ್ಲಿರುವ ಅಂತರರಾಷ್ಟ್ರೀಯ ಪ್ರದರ್ಶನಗಳ ಬ್ಯೂರೋ. 1928ರ ಒಪ್ಪಂದದಿಂದ ಹುಟ್ಟಿದ ಸಂಸ್ಥೆ. ದೊಡ್ಡ ಎಕ್ಸ್‌ಪೋ ಐದು ವರ್ಷಕ್ಕೊಮ್ಮೆ, ಹೆಚ್ಚೆಂದರೆ ಆರು ತಿಂಗಳು ನಡೆಯುತ್ತದೆ. ನಡುವಿನ ವರ್ಷಗಳಲ್ಲಿ ಒಂದೇ ವಿಷಯಕ್ಕೆ ಮೀಸಲಾದ ಚಿಕ್ಕ ಎಕ್ಸ್‌ಪೋಗಳೂ ಇವೆ. ಅವು ಮೂರು ತಿಂಗಳು ಮೀರುವಂತಿಲ್ಲ, 25 ಹೆಕ್ಟೇರಿಗಿಂತ ಹೆಚ್ಚು ಜಾಗ ಹಿಡಿಯುವಂತಿಲ್ಲ, ಅಲ್ಲಿ ಕಟ್ಟಡವನ್ನು ಆತಿಥೇಯ ದೇಶವೇ ಕಟ್ಟಿಕೊಡುತ್ತದೆ. ದೊಡ್ಡದರಲ್ಲಿ ಮಾತ್ರ ಪ್ರತಿ ದೇಶಕ್ಕೂ ತನ್ನ ಮನೆಯನ್ನು ತಾನೇ ಕಟ್ಟುವ ಅವಕಾಶ. ಜಪಾನಿನ ಒಸಾಕಾದಲ್ಲಿ 2025ರ ಏಪ್ರಿಲ್ 13ರಿಂದ ಅಕ್ಟೋಬರ್ 13ರವರೆಗೆ ನಡೆದ ಎಕ್ಸ್‌ಪೋಗೆ ಎರಡೂವರೆ ಕೋಟಿಗೂ ಹೆಚ್ಚು ಜನ ಬಂದರು. ಮುಂದಿನದು 2030ಕ್ಕೆ ರಿಯಾದ್‌ನಲ್ಲಿ.

ಶುರುವಿನಲ್ಲಿ ಹೀಗಿರಲಿಲ್ಲ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಎಲ್ಲ ದೇಶಗಳೂ ಒಂದೇ ಸೂರಿನಡಿ ನಿಂತವು. ಆ ಸೂರು ಜೋಸೆಫ್ ಪ್ಯಾಕ್ಸ್‌ಟನ್ ಕಟ್ಟಿದ ಕಬ್ಬಿಣ ಮತ್ತು ಗಾಜಿನ ಕ್ರಿಸ್ಟಲ್ ಪ್ಯಾಲೇಸ್. ಪ್ಯಾಕ್ಸ್‌ಟನ್ ಮೂಲತಃ ತೋಟಗಾರ, ಗಿಡಗಳಿಗೆ ಗಾಜಿನ ಮನೆ ಕಟ್ಟಿ ಕೈ ಪಳಗಿದವನು. ಅದೇ ವಿದ್ಯೆಯನ್ನು ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಿಗ್ಗಿಸಿದ. ಅಲ್ಲಿ ಹಿಂದುಸ್ತಾನದ ವಿಭಾಗವೂ ಇತ್ತು, ಜೋಡಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ಅದೇ ಪ್ರದರ್ಶನದಲ್ಲಿ ಕೊಹಿನೂರ್ ವಜ್ರವನ್ನೂ ಇಟ್ಟಿದ್ದರು. ನಮ್ಮಿಂದ ಹೋದ ಅಂಬಾರಿಯನ್ನು ತೋರಿಸಲು ಒಂದು ಆನೆ ಬೇಕಾಯಿತು. ಎಸೆಕ್ಸ್‌ನ ವಸ್ತುಸಂಗ್ರಹಾಲಯವೊಂದರಿಂದ ಹುಲ್ಲು ತುಂಬಿದ ಆನೆಯನ್ನು ಎರವಲು ತಂದು ನಿಲ್ಲಿಸಿದರು. ಅಂಬಾರಿ ನಮ್ಮದು, ಆನೆ ಅವರದು. ನಮ್ಮನ್ನು ಬೇರೆಯವರು ತೋರಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ನನಗೆ ಗೊತ್ತಿಲ್ಲ. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಮುಖ್ಯ ಸಭಾಂಗಣದ ಸುತ್ತಲಿನ ಉದ್ಯಾನದಲ್ಲಿ ದೇಶಗಳು ಬೇರೆ ಬೇರೆ ಕಟ್ಟಡಗಳನ್ನು ಎಬ್ಬಿಸಿದವು. ಅಲ್ಲಿಂದ ಮುಂದೆ ಒಳಗಿಟ್ಟ ಸಾಮಾನಿನ ಜೊತೆಗೆ ಗೋಡೆಯೂ ಮಾತನಾಡಬೇಕಾಯಿತು.

ಇಂದು ಕೆಲಸ ಸಾಗುವ ಬಗೆ ಇದು. ಎಕ್ಸ್‌ಪೋಗೆ ಒಂದು ವಿಷಯವಿರುತ್ತದೆ; ಒಸಾಕಾದ್ದು ನಮ್ಮ ಬದುಕಿಗಾಗಿ ಭವಿಷ್ಯದ ಸಮಾಜವನ್ನು ರೂಪಿಸುವುದು, 2015ರ ಮಿಲಾನ್‌ನದು ಜಗತ್ತಿಗೆ ಅನ್ನ. ಭಾಗವಹಿಸುವ ದೇಶ ತನ್ನ ಪರವಾಗಿ ಹೊಣೆ ಹೊರಲು ಒಬ್ಬ ಕಮಿಷನರ್ ಜನರಲ್‌ನನ್ನು ನೇಮಿಸುತ್ತದೆ, ಆ ವಿಷಯಕ್ಕೆ ತನ್ನ ಉತ್ತರವೇನು ಎಂದು ಬರೆದು ಕೊಡುತ್ತದೆ. ಆಮೇಲೆ ಸ್ಪರ್ಧೆ ಅಥವಾ ಟೆಂಡರ್. ಬಹಳಷ್ಟು ದೇಶಗಳಲ್ಲಿ ವಾಸ್ತುಶಿಲ್ಪಿ ಒಬ್ಬನೇ ಬರುವುದಿಲ್ಲ. ಪ್ರದರ್ಶನ ವಿನ್ಯಾಸಕರು, ರಚನಾ ಎಂಜಿನಿಯರ್, ಗುತ್ತಿಗೆದಾರ, ಆತಿಥೇಯ ದೇಶದ ಕಾನೂನು ಬಲ್ಲ ಅಲ್ಲಿನದೇ ವಾಸ್ತುಶಿಲ್ಪಿ, ಎಲ್ಲರೂ ಒಂದೇ ತಂಡವಾಗಿ ಬರುತ್ತಾರೆ. ನಿವೇಶನದ ಗಡಿ, ಎತ್ತರದ ಮಿತಿ, ಸುತ್ತ ಬಿಡಬೇಕಾದ ಜಾಗ ಎಲ್ಲವೂ ಸಂಘಟಕರ ಕೈಪಿಡಿಯಲ್ಲಿ ಇರುತ್ತದೆ. ಕೋವಿಡ್‌ನಂಥ ವಿಪತ್ತು ಬಂದ ಹೊರತು ಆರಂಭದ ದಿನಾಂಕ ಒಂದು ದಿನವೂ ಸರಿಯುವುದಿಲ್ಲ. ನಮ್ಮ ಊರಿನ ಮನೆ ಕಟ್ಟುವವರಿಗೆ ಗೃಹಪ್ರವೇಶದ ಮುಹೂರ್ತ ಎಷ್ಟು ಕಟ್ಟುನಿಟ್ಟೋ ಅಷ್ಟೇ ಕಟ್ಟುನಿಟ್ಟು.

ಇಷ್ಟಾದ ಮೇಲೆ ಮಕ್ಕಳು ಚಿತ್ರ ಬರೆಯಲು ಕೂಡುತ್ತಾರೆ. ನಾನು ಪೆನ್ಸಿಲ್ ಕೆಳಗಿಡಿಸಿ ಲೆಕ್ಕ ಮಾಡಿಸುತ್ತೇನೆ. ನಿಮ್ಮ ಪೆವಿಲಿಯನ್‌ಗೆ ಆರು ತಿಂಗಳಲ್ಲಿ 20 ಲಕ್ಷ ಜನ ಬರುತ್ತಾರೆ ಎಂದುಕೊಳ್ಳಿ. ಒಸಾಕಾದಂತೆ 184 ದಿನಗಳಾದರೆ ದಿನಕ್ಕೆ ಸುಮಾರು 10,900 ಜನ. ದಿನಕ್ಕೆ 12 ತಾಸು ತೆರೆದಿಟ್ಟರೆ ತಾಸಿಗೆ ಸುಮಾರು 900. ಒಬ್ಬೊಬ್ಬರು ಒಳಗೆ ಹದಿನೈದು ನಿಮಿಷ ಇದ್ದರೆ ಯಾವ ಹೊತ್ತಿಗೆ ನೋಡಿದರೂ ಒಳಗೆ 225 ಜನ. ಮೈಗೆ ಮೈ ತಾಗದಂತೆ ನಡೆಯಲು ತಲೆಗೆ ಎರಡು ಚದರ ಮೀಟರ್ ಹಿಡಿದರೆ 450 ಚದರ ಮೀಟರ್ ನೆಲ ಬೇಕು. ಈಗ ನಿಮ್ಮ ಆಸೆಗೆ ತಕ್ಕಂತೆ ಪೇಡೆ, ಮೆಣಸಿನಕಾಯಿ, ಜಮಖಾನ ಎಲ್ಲವನ್ನೂ ಸೇರಿಸಿ ಮೂವತ್ತು ನಿಮಿಷ ಮಾಡಿ. ಒಳಗೆ 450 ಜನ, 900 ಚದರ ಮೀಟರ್. ನಿವೇಶನ ಬೆಳೆಯುವುದಿಲ್ಲವಾದ್ದರಿಂದ ಉಳಿದವರು ಹೊರಗೆ ಬಿಸಿಲಲ್ಲಿ ನಿಲ್ಲುತ್ತಾರೆ. ಎಲ್ಲವನ್ನೂ ತೋರಿಸಬೇಕೆಂಬ ಆಸೆಯ ಬೆಲೆ ಹೀಗೆ ಚದರ ಮೀಟರುಗಳಲ್ಲಿ ಕಣ್ಣಿಗೆ ಕಾಣುತ್ತದೆ.

ಜನರನ್ನು ಒಳಗೆ ಬಿಡುವುದಕ್ಕೆ ಎರಡು ದಾರಿಗಳಿವೆ. ಎರಡನ್ನೂ ನಮ್ಮ ಮಠಗಳಲ್ಲಿ ನೋಡಿರುತ್ತೀರಿ. ಒಂದು ಪಂಕ್ತಿ, ಇನ್ನೊಂದು ದರ್ಶನದ ಪಾಳಿ. ಪಂಕ್ತಿಯಲ್ಲಿ ಜನ ಒಟ್ಟಿಗೆ ಕೂಡುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ, ಒಟ್ಟಿಗೆ ಏಳುತ್ತಾರೆ. ನೆಲ ಒರೆಸಿದ ಮೇಲೆ ಮುಂದಿನ ಪಂಕ್ತಿ. ದರ್ಶನದ ಪಾಳಿಯಲ್ಲಿ ಯಾರೂ ಕೂಡುವುದಿಲ್ಲ, ಜನ ಹರಿಯುತ್ತಲೇ ಇರುತ್ತಾರೆ, ನಿಂತು ನೋಡುವವರು ನಾಲ್ಕು ಕ್ಷಣ ಹೆಚ್ಚು ನಿಲ್ಲುತ್ತಾರೆ. ಚಿತ್ರಪ್ರದರ್ಶನದ ಕೋಣೆ ಇರುವ ಪೆವಿಲಿಯನ್ ಪಂಕ್ತಿಯ ಜಾತಿಯದು. ಎಂಟು ನಿಮಿಷದ ಚಿತ್ರ, ಜನ ಬದಲಾಗಲು ಎರಡು ನಿಮಿಷ, ಒಟ್ಟು ಹತ್ತು. ತಾಸಿಗೆ ಆರು ಪಂಕ್ತಿ, ಪಂಕ್ತಿಗೆ 150 ಜನರಾದರೆ 900ರ ಲೆಕ್ಕ ಸರಿಹೋಯಿತು. ಯಾರೋ ದೊಡ್ಡವರು ಬಂದು ‘ಚಿತ್ರ ಚಿಕ್ಕದಾಯಿತು, ಹನ್ನೆರಡು ನಿಮಿಷ ಮಾಡಿ’ ಎಂದರೆ? ಬದಲಾಗುವ ಎರಡು ನಿಮಿಷ ಸೇರಿ ಹದಿನಾಲ್ಕು. ತಾಸಿಗೆ ನಾಲ್ಕೇ ಪಂಕ್ತಿ, 600 ಜನ. ತಾಸಿಗೆ 300 ಜನ ಹೊರಗೆ ಉಳಿದರು; ಸಂಜೆಯ ಹೊತ್ತಿಗೆ ಆ ಸಾಲು ಪಕ್ಕದ ದೇಶದ ಬಾಗಿಲನ್ನು ಮುಚ್ಚುತ್ತದೆ. ಮೂರು ಕೋಣೆಗಳು ಒಂದರ ಹಿಂದೊಂದು ಇದ್ದರೆ ಎಲ್ಲಕ್ಕಿಂತ ನಿಧಾನದ ಕೋಣೆಯ ವೇಗವೇ ಇಡೀ ಕಟ್ಟಡದ ವೇಗ. ಇದನ್ನು ನಾನು ಎಷ್ಟು ಹೇಳಿದರೂ ಮಕ್ಕಳು ನಂಬುವುದಿಲ್ಲ. ಸಿದ್ಧಾರೂಢ ಮಠದಲ್ಲಿ ಒಂದು ಮಧ್ಯಾಹ್ನ ಗಡಿಯಾರ ಹಿಡಿದು ನಿಂತು ಬನ್ನಿ ಎಂದು ಕಳಿಸುತ್ತೇನೆ, ನಂಬಿ ಬರುತ್ತಾರೆ.

ಹೊರಗಿನ ಸಾಲನ್ನೂ ವಿನ್ಯಾಸ ಮಾಡಬೇಕು. ಒಳಗೆ ಹದಿನೈದು ನಿಮಿಷ ಇರುವ ಮನುಷ್ಯ ಹೊರಗೆ ಒಂದು ತಾಸು ನಿಂತಿರಬಹುದು. ಅವನಿಗೆ ನೆರಳು, ನೀರು, ಮಗುವನ್ನು ಕೂರಿಸಲು ಕಟ್ಟೆ, ನೋಡಲು ಏನಾದರೂ ಬೇಕು. ಹಳೆಯ ಮನೆಗಳ ಜಗಲಿ ಮಾಡುತ್ತಿದ್ದುದೂ ಇದೇ ಕೆಲಸ. ಬಂದವನು ಇನ್ನೂ ಒಳಗೆ ಬಂದಿಲ್ಲ, ಆದರೆ ಹೊರಗಿನವನೂ ಅಲ್ಲ.

ಇನ್ನು ಆ ಒಂದು ಮಾತಿನ ವಿಚಾರ. 1929ರಲ್ಲಿ ಬಾರ್ಸಿಲೋನಾದಲ್ಲಿ ಜರ್ಮನಿಯ ಪೆವಿಲಿಯನ್ ಕಟ್ಟಿದವರು ಮೀಸ್ ವಾನ್ ಡೆರ್ ರೋಹೆ ಮತ್ತು ಲಿಲ್ಲಿ ರೈಖ್. ಅದರೊಳಗೆ ತೋರಿಸಲು ಏನೂ ಇರಲಿಲ್ಲ ಎಂದರೆ ನಂಬಬೇಕು. ಎರಡು ನೀರಿನ ಕೊಳ, ಗೇಯೋರ್ಗ್ ಕೋಲ್ಬೆಯ ಒಂದು ಶಿಲ್ಪ, ಕೆಲವು ಆಸನಗಳು, ಅಮೃತಶಿಲೆ ಮತ್ತು ಓನಿಕ್ಸ್ ಕಲ್ಲಿನ ಗೋಡೆಗಳು, ತೆಳುವಾದ ಉಕ್ಕಿನ ಕಂಬಗಳ ಮೇಲೆ ಚಪ್ಪಟೆ ಸೂರು, ಅಷ್ಟೆ. ಯುದ್ಧದಲ್ಲಿ ಸೋತು, ಸಾಮ್ರಾಜ್ಯ ಕಳೆದುಕೊಂಡು ಗಣರಾಜ್ಯವಾದ ದೇಶ ಅದು. ತನ್ನ ಹಳೆಯ ಗತ್ತನ್ನು ಬಿಟ್ಟು ತೆರೆದ ಮನಸ್ಸಿನಿಂದ ಬಂದಿದ್ದೇನೆ ಎಂಬುದು ಅದು ಹೇಳಬೇಕಿದ್ದ ಮಾತು. ಎಲ್ಲಿಯೂ ಪೂರ್ತಿ ಮುಚ್ಚಿಕೊಳ್ಳದ ಗೋಡೆಗಳು ಅದನ್ನು ಹೇಳಿದವು. ಒಂದು ವರ್ಷವೂ ನಿಲ್ಲದೆ 1930ರಲ್ಲಿ ಅದನ್ನು ಬಿಚ್ಚಿದರು. ಆದರೂ ಮರೆಯಲಾಗದೆ 1986ರ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ ಕಟ್ಟಿ ಮುಗಿಸಿದರು. ಬಾರ್ಸಿಲೋನಾ ಆಗಿ ಎಂಟೇ ವರ್ಷಗಳ ನಂತರ, 1937ರ ಪ್ಯಾರಿಸ್‌ನಲ್ಲಿ, ಹಿಟ್ಲರನ ಆಳ್ವಿಕೆಗೆ ಬಂದಿದ್ದ ಅದೇ ಜರ್ಮನಿ ವಾಸ್ತುಶಿಲ್ಪಿ ಆಲ್ಬರ್ಟ್ ಸ್ಪೇರ್ ಕೈಯಲ್ಲಿ ಸೆಟೆದು ನಿಂತ ಗೋಪುರ ಕಟ್ಟಿಸಿತು, ಎದುರಿಗೆ ಸೋವಿಯತ್ ಒಕ್ಕೂಟದ ಗೋಪುರ. ಅದೇ ಪ್ರದರ್ಶನದಲ್ಲಿ ಸ್ಪೇನ್ ದೇಶದ ಚಿಕ್ಕ ಪೆವಿಲಿಯನ್ ಪಿಕಾಸೋನ ಗೆರ್ನಿಕಾ ಚಿತ್ರವನ್ನು ನೇತುಹಾಕಿತ್ತು. ಆ ಎರಡು ಗೋಪುರಗಳ ನೆನಪು ಇತಿಹಾಸ ಓದುವವರಿಗೆ ಮಾತ್ರ ಉಳಿದಿದೆ. ಚಿತ್ರ ಎಲ್ಲರಿಗೂ ಗೊತ್ತು.

ಹತ್ತಿರದ ಕಾಲದ ಎರಡು ಉದಾಹರಣೆಗಳನ್ನು ನಾನು ಬಿಡದೆ ಹೇಳುತ್ತೇನೆ. 2010ರ ಶಾಂಘೈ ಎಕ್ಸ್‌ಪೋಗೆ ಏಳು ಕೋಟಿಗೂ ಹೆಚ್ಚು ಜನ ಬಂದಿದ್ದರು. ಅಲ್ಲಿ ಬ್ರಿಟನ್ನಿನ ಪೆವಿಲಿಯನ್ ರೂಪಿಸಿದ ಥಾಮಸ್ ಹೆದರ್‌ವಿಕ್ ನಿವೇಶನದ ಬಹುಭಾಗವನ್ನು ಜನ ಕುಳಿತು ಸುಧಾರಿಸಿಕೊಳ್ಳುವ ಬಯಲಾಗಿ ಬಿಟ್ಟು, ಒಂದೇ ವಸ್ತುವನ್ನು ನಿಲ್ಲಿಸಿದರು. ಮುಳ್ಳುಹಂದಿಯಂತೆ ಸುತ್ತಲೂ ಚಾಚಿದ 60,000 ಅಕ್ರಿಲಿಕ್ ಸರಳುಗಳು, ಒಂದೊಂದೂ ಏಳೂವರೆ ಮೀಟರ್ ಉದ್ದ, ಒಳತುದಿಯಲ್ಲಿ ಬೀಜ. ಹಗಲಿನ ಬೆಳಕು ಸರಳಿನೊಳಗಿಂದ ಹರಿದು ಬೀಜವನ್ನು ಮುಟ್ಟುತ್ತಿತ್ತು. ರಾಣಿ, ಫುಟ್ಬಾಲ್, ಕೆಂಪು ಬಸ್ಸು ಎಲ್ಲವನ್ನೂ ಒರೆಸಿ ಬೀಜವೊಂದನ್ನೇ ಉಳಿಸಿದ್ದರು. ಹೊಲದಿಂದ ಬಂದ ನಮ್ಮ ಮಕ್ಕಳಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಬಿತ್ತನೆ ಬೀಜವನ್ನು ಎತ್ತಿಡುವ ಮನೆಯಲ್ಲಿ ಬೆಳೆದವರು ಅವರು. ಇನ್ನೊಂದು, 2015ರ ಮಿಲಾನ್‌ನಲ್ಲಿ ಸ್ವಿಟ್ಜರ್ಲೆಂಡ್ ಕಟ್ಟಿದ್ದು. ನಾಲ್ಕು ಗೋಪುರಗಳ ತುಂಬ ನೀರು, ಉಪ್ಪು, ಕಾಫಿ, ಒಣಗಿಸಿದ ಸೇಬಿನ ಬಿಲ್ಲೆಗಳು. ಯಾರು ಎಷ್ಟು ಬೇಕಾದರೂ ಒಯ್ಯಬಹುದು, ಮತ್ತೆ ತುಂಬುವುದಿಲ್ಲ. ಖಾಲಿಯಾದಂತೆ ಜನ ನಿಲ್ಲುವ ನೆಲವೂ ಕೆಳಗಿಳಿಯುತ್ತದೆ. ಮೊದಲು ಬಂದವನು ಚೀಲ ತುಂಬಿಕೊಂಡರೆ ಕೊನೆಗೆ ಬಂದವನಿಗೆ ಏನು ಎಂಬ ಪ್ರಶ್ನೆಯನ್ನು ಗೋಡೆಯ ಮೇಲೆ ಬರೆಯಲಿಲ್ಲ. ನೋಡುವವನ ಕೈ ಸೇಬಿನ ಕಡೆಗೆ ಹೋಗುವಾಗಲೇ ಆ ಪ್ರಶ್ನೆ ಎದ್ದಿರುತ್ತಿತ್ತು.

ನಮ್ಮ ದೇಶದ ಮಾತು? ಶಾಂಘೈಯಲ್ಲಿ ಭಾರತ ಸಾಂಚಿ ಸ್ತೂಪವನ್ನು ನೆನಪಿಸುವ ಬಿದಿರಿನ ಗುಮ್ಮಟ ಕಟ್ಟಿತು; ಸುಮಾರು 35 ಮೀಟರ್ ವ್ಯಾಸ, ಕಬ್ಬಿಣದ ಬದಲು ಬಿದಿರಿನ ಕಮಾನುಗಳು. ನನಗೆ ಅದರ ಸ್ತೂಪಕ್ಕಿಂತ ಬಿದಿರೇ ಮುಖ್ಯ. ಸ್ತೂಪದ ಆಕಾರ ಪ್ರವಾಸೋದ್ಯಮದ ಭಿತ್ತಿಚಿತ್ರದಲ್ಲಿಯೂ ಸಿಗುತ್ತದೆ, ಬಿದಿರನ್ನು ಅಷ್ಟು ಅಗಲಕ್ಕೆ ಬಾಗಿಸಿ ನಿಲ್ಲಿಸಿದ ಧೈರ್ಯ ಸಿಗುವುದಿಲ್ಲ. ದುಬೈನಲ್ಲಿ, ಕೋವಿಡ್‌ನಿಂದಾಗಿ ಒಂದು ವರ್ಷ ತಡವಾಗಿ 2021ರಲ್ಲಿ ಶುರುವಾದ ಎಕ್ಸ್‌ಪೋದಲ್ಲಿ, ನಮ್ಮದು ನಾಲ್ಕು ಅಂತಸ್ತಿನ ಕಟ್ಟಡ, ಹೊರಮೈಯಲ್ಲಿ ತಿರುಗುವ 600 ಫಲಕಗಳು. ಇಷ್ಟು ದೊಡ್ಡ ದೇಶ ಒಂದೇ ಮಾತು ಹೇಳಬೇಕೆಂದರೆ ಕಷ್ಟ, ಯಾವ ರಾಜ್ಯವನ್ನು ಬಿಟ್ಟರೂ ಜಗಳ. ಆದ್ದರಿಂದಲೇ ನಮ್ಮ ಪೆವಿಲಿಯನ್‌ಗಳಲ್ಲಿ ಯೋಗ, ಆಯುರ್ವೇದ, ಬಾಹ್ಯಾಕಾಶ, ಬಾಲಿವುಡ್, ರಾಜ್ಯಕ್ಕೊಂದು ವಾರ ಎಂದು ಎಲ್ಲವೂ ಒಟ್ಟಿಗೆ ನುಗ್ಗುತ್ತದೆ. ನಮ್ಮ ತರಗತಿಯ ಕರಿಹಲಗೆಯ ಮೊದಲ ದಿನ ಅದು. ಎರಡನೆಯ ದಿನಕ್ಕೆ ನಾವು ಹೋಗಲೇಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ಒಂದನ್ನು ಆರಿಸಿಕೊಂಡ ಮೇಲೂ ಒಂದು ಬಲೆ ಉಂಟು. ಲಕ್ಕುಂಡಿಯನ್ನು ಆರಿಸಿಕೊಂಡ ಹುಡುಗನೊಬ್ಬ ಕಾಶಿವಿಶ್ವೇಶ್ವರ ಗುಡಿಯ ಕಂಬವನ್ನು ಅಳೆದು, ಫೈಬರ್‌ನಲ್ಲಿ ಎರಕ ಹೊಯ್ದು ನಲವತ್ತು ಕಂಬ ನಿಲ್ಲಿಸುತ್ತೇನೆ ಎಂದ. ಚಿತ್ರ ಚೆನ್ನಾಗಿಯೇ ಇತ್ತು. ಅವನನ್ನು ಲಕ್ಕುಂಡಿಗೆ ಮತ್ತೊಮ್ಮೆ ಕರೆದುಕೊಂಡು ಹೋಗಿ ಕಂಬದ ಮೇಲೆ ಅಂಗೈ ಇಡಿಸಿದೆ. ಅದು ಗಡಸು ಮರಳುಗಲ್ಲಲ್ಲ, ಬಳಪದ ಜಾತಿಯ ಮೆದು ಕಲ್ಲು. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಈ ಕಲ್ಲಿಗೆ ಕೈ ಹಚ್ಚಿದ್ದರಿಂದಲೇ ಕಂಬಗಳನ್ನು ಚರಕಿಯಲ್ಲಿ ಕಡೆದಂತೆ ನುಣ್ಣಗೆ ತಿರುಗಿಸಲು, ಮಣಿಸರವನ್ನು ಎಣಿಸುವಷ್ಟು ಸಣ್ಣಗೆ ಕೊರೆಯಲು ಸಾಧ್ಯವಾಯಿತು. ಕಲ್ಲಿನ ಗುಣ ಅರಿತು ಉಳಿ ಹಿಡಿದದ್ದು ಲಕ್ಕುಂಡಿಯ ಗುಟ್ಟು. ಫೈಬರ್‌ನಲ್ಲಿ ಹೊಯ್ದ ಕಂಬದಲ್ಲಿ ಲಕ್ಕುಂಡಿಯ ಮುಖವಿರುತ್ತದೆ, ಆ ಅರಿವು ಇರುವುದಿಲ್ಲ. ಹುಡುಗ ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಒಸಾಕಾದಲ್ಲಿ ಸಿಗುವ ಮೆದು ವಸ್ತು ಯಾವುದು ಸರ್?’ ಎಂದು ಕೇಳಿದ. ಅಂದಿನಿಂದ ಅವನ ವಿನ್ಯಾಸ ಸರಿದಾರಿಗೆ ಬಂತು.

ಇದಕ್ಕಿಂತ ಚೆನ್ನಾಗಿ ಈ ವಿಚಾರವನ್ನು ನನಗೆ ಕಲಿಸಿದವಳು ಬೆಟಗೇರಿಯ ಹುಡುಗಿ. ಅವಳು ಕಸೂತಿಯನ್ನು ಆರಿಸಿಕೊಂಡಿದ್ದಳು. ಎಲ್ಲರೂ ಮಾಡುವಂತೆ ಗೋಪುರ, ತೇರು, ತುಳಸಿ ಕಟ್ಟೆಯ ಚಿತ್ತಾರಗಳನ್ನು ಹೊರಗೋಡೆಯ ತಗಡಿನಲ್ಲಿ ಕೊರೆಸುತ್ತಾಳೆ ಎಂದುಕೊಂಡಿದ್ದೆ. ಅವಳು ತನ್ನ ಅವ್ವನ ಚಂದ್ರಕಾಳಿ ಸೀರೆಯನ್ನು ತಂದು ಮೇಜಿನ ಮೇಲೆ ಹಾಸಿ, ಸೆರಗನ್ನು ಮಗುಚಿ ತೋರಿಸಿದಳು. ಮೇಲೆ ಹೇಗಿತ್ತೋ ಕೆಳಗೂ ಹಾಗೆಯೇ. ಒಂದು ಗಂಟಿಲ್ಲ, ಜೋಲುವ ಎಳೆಯಿಲ್ಲ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆಗಳು. ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆಯುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಸೂಜಿ ಚುಚ್ಚಬೇಕು. ಗವಂತಿಯಲ್ಲಿ ಸೂಜಿ ಒಂದು ಮನೆ ತುಂಬಿ ಒಂದು ಮನೆ ಬಿಟ್ಟು ಮುಂದೆ ಹೋಗುತ್ತದೆ. ಕೊನೆ ಮುಟ್ಟಿದ ಮೇಲೆ ತಿರುಗಿ ಬರುತ್ತ, ಬಿಟ್ಟ ಮನೆಗಳನ್ನೆಲ್ಲ ತುಂಬುತ್ತದೆ. ಹೋಗುವಾಗ ಗೆರೆ ಅರ್ಧ, ಬರುವಾಗ ಪೂರ್ತಿ. ‘ನನ್ನ ಪೆವಿಲಿಯನ್ನಿನಲ್ಲಿ ಜನ ಸೂಜಿಯಂತೆ ನಡೆಯುತ್ತಾರೆ ಸರ್’ ಎಂದಳು. ಒಳಗೆ ಹೋಗುವ ದಾರಿಯಲ್ಲಿ ಒಂದು ಕೋಣೆ ತೆರೆದಿದ್ದರೆ ಮುಂದಿನದು ಮುಚ್ಚಿದ ಗೋಡೆ. ಕೊನೆಯಲ್ಲಿ ತಿರುಗಿ, ಅದೇ ಗೋಡೆಗಳ ಇನ್ನೊಂದು ಮಗ್ಗುಲಿನಿಂದ ಬರುವಾಗ, ಬಿಟ್ಟುಹೋದ ಕೋಣೆಗಳು ತೆರೆದುಕೊಳ್ಳುತ್ತವೆ. ಯಾವ ಗೋಡೆಗೂ ಬೆನ್ನಿಲ್ಲ, ಎರಡೂ ಕಡೆ ಮುಖವೇ. ಇಡೀ ಕಟ್ಟಡದಲ್ಲಿ ಕಸೂತಿಯ ಒಂದು ಚಿತ್ತಾರವೂ ಇರಲಿಲ್ಲ.

ಒಸಾಕಾದ ದೊಡ್ಡ ಉಂಗುರ ನಿಂತದ್ದೂ ಇದೇ ಬಗೆಯ ಯೋಚನೆಯ ಮೇಲೆ. ಸೌ ಫುಜಿಮೊಟೊ ರೂಪಿಸಿದ ಆ ಮರದ ಉಂಗುರದ ಸುತ್ತಳತೆ ಸುಮಾರು ಎರಡು ಕಿಲೋಮೀಟರ್. ಕಂಬವನ್ನು ಕೊರೆದು ಅಡ್ಡತೊಲೆಯನ್ನು ಆಚೆಗೆ ತೂರಿಸಿ ಬಿಗಿಯುವ ‘ನುಕಿ’ ಎಂಬ ಹಳೆಯ ಜೋಡಣೆ ಅದರ ಪ್ರಾಣ. ಕ್ಯೋಟೋದ ಕಿಯೊಮಿಜು ದೇವಾಲಯದ ಎತ್ತರದ ಜಗಲಿ ನಿಂತಿರುವುದು ಅದೇ ಜೋಡಣೆಯಿಂದ. ಆದರೆ ಉಂಗುರದಲ್ಲಿ ದೇವಾಲಯದ ಸೂರಿನ ನಕಲಿಲ್ಲ. ಇಂದಿನ ಭೂಕಂಪದ ನಿಯಮಗಳಿಗೆ ತಕ್ಕಂತೆ ಲೋಹದ ಬಿಗಿತವನ್ನು ಸೇರಿಸಿ, ಬಡಗಿಯ ಹಳೆಯ ಲೆಕ್ಕವನ್ನು ಹೊಸ ಕೆಲಸಕ್ಕೆ ಹಚ್ಚಿದ್ದಾರೆ. ಕೆಳಗೆ ನಡೆಯುವವರಿಗೆ ಮಳೆಬಿಸಿಲಿನ ಆಸರೆ, ಮೇಲೆ ಹತ್ತಿದವರಿಗೆ ಸಮುದ್ರದ ನೋಟ.

ಆ ಒಸಾಕಾದ ನೆಲದ ಬಗ್ಗೆ ಎರಡು ಮಾತು. ಎಕ್ಸ್‌ಪೋ ನಡೆದ ಯುಮೆಶಿಮಾ ಸಮುದ್ರವನ್ನು ತುಂಬಿ ಮಾಡಿದ ದ್ವೀಪ, ನೆಲ ಮೆತ್ತಗೆ. ಭಾರವಾದದ್ದನ್ನು ಹೇರಿದರೆ ಕುಸಿಯುತ್ತದೆ. ಆಳಕ್ಕೆ ಕಂಬ ಇಳಿಸಿದರೆ ಆರು ತಿಂಗಳ ನಂತರ ಕೀಳುವ ಖರ್ಚು ಬೇರೆ. ನವಲಗುಂದ, ರೋಣದ ಎರೆಭೂಮಿಯಲ್ಲಿ ಮನೆ ಕಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುವ ಮಣ್ಣು ಪಾಯದವನ ಮಾತನ್ನು ಕೇಳುವುದಿಲ್ಲ. ಪಾಯದವನೇ ಮಣ್ಣಿನ ಮಾತು ಕೇಳಬೇಕು. ಜೊತೆಗೆ ಅಲ್ಲಿನ ಕಟ್ಟಡ ಕಾನೂನು, ಏರಿದ ಬೆಲೆ, ಸಿಗದ ಗುತ್ತಿಗೆದಾರರು. ಸ್ವಂತ ಕಟ್ಟಡದ ಕನಸು ಕಂಡಿದ್ದ ಕೆಲವು ದೇಶಗಳು ಅದನ್ನು ಕೈಬಿಡಬೇಕಾಯಿತು. ಅಂಥವರಿಗೆಂದು ಸಂಘಟಕರು ತಾವೇ ಕಟ್ಟಿಕೊಡುವ ಸರಳ ಪೆಟ್ಟಿಗೆಯಂಥ ಕಟ್ಟಡದ ದಾರಿಯನ್ನೂ ತೆರೆದರು. ಪೆಟ್ಟಿಗೆ ಎಂದು ಕೀಳಾಗಿ ಕಾಣಬೇಕಿಲ್ಲ. ಹೇಳುವ ಮಾತು ಗಟ್ಟಿಯಾಗಿದ್ದರೆ ಪೆಟ್ಟಿಗೆಯೊಳಗೂ ಅದು ಕೇಳಿಸುತ್ತದೆ.

ಕಟ್ಟುವಾಗಲೇ ಬಿಚ್ಚುವುದನ್ನು ಯೋಚಿಸಬೇಕು. ಪೆವಿಲಿಯನ್ ಉಳಿದ ಕಟ್ಟಡಗಳಿಂದ ಬೇರೆಯಾಗುವುದು ಇಲ್ಲಿ. ನಿವೇಶನವನ್ನು ಬರಿದು ಮಾಡಿ ಮರಳಿಸುವ ಕರಾರಿಗೆ ಸಹಿ ಹಾಕಿಯೇ ಬಹಳಷ್ಟು ದೇಶಗಳು ಒಳಗೆ ಬರುತ್ತವೆ. ನಮ್ಮ ಕಡೆ ಈ ವಿದ್ಯೆಯ ಗುರುಗಳೆಂದರೆ ನಾಟಕ ಕಂಪನಿಗಳು. ಗದಗದ ತೋಂಟದಾರ್ಯ ಮಠದ ಜಾತ್ರೆ, ಹಾವೇರಿಯ ಹುಕ್ಕೇರಿಮಠದ ಜಾತ್ರೆ, ಹೀಗೆ ಜಾತ್ರೆಯಿಂದ ಜಾತ್ರೆಗೆ ಕ್ಯಾಂಪ್ ಬದಲಿಸುವ ಕಂಪನಿ ಬಯಲಿನಲ್ಲಿ ಇಡೀ ಥಿಯೇಟರನ್ನು ನಿಲ್ಲಿಸುತ್ತದೆ. ಒಮ್ಮೆ ಒಂದು ಕ್ಯಾಂಪ್ ಮುಗಿದ ರಾತ್ರಿ ನಾನು ನಿಂತು ನೋಡಿದ್ದೇನೆ. ಕೊನೆಯ ಆಟದ ಮಂಗಳ ಮುಗಿದು ಜನ ಚದುರುವ ಮೊದಲೇ ಹಿಂದಿನ ಸಾಲಿನ ಕುರ್ಚಿಗಳು ಮಡಚಿಕೊಂಡವು. ಪರದೆಗಳನ್ನು ಬೊಂಬಿಗೆ ಸುತ್ತಿದರು. ತಗಡುಗಳು ಒಂದರ ಮೇಲೊಂದು ಕುಳಿತವು. ಪ್ರತಿ ಕಂಬದ ಬುಡಕ್ಕೆ ಬಿಳಿ ಬಣ್ಣದಲ್ಲಿ ಅಂಕಿ ಬರೆದಿತ್ತು, ಲಾರಿಗೆ ಏರುವಾಗ ಕೊನೆಯ ಅಂಕಿ ಮೊದಲು. ಮುಂದಿನ ಊರಿನಲ್ಲಿ ಇಳಿಯುವಾಗ ಒಂದನೆಯ ಕಂಬವೇ ಮೊದಲು ಕೈಗೆ ಸಿಗಬೇಕಲ್ಲ! ಎಲ್ಲಿಯೂ ಮೊಳೆ ಹೊಡೆದಿರಲಿಲ್ಲ. ಹಗ್ಗ, ತಂತಿ, ನಟ್ಟು ಬೋಲ್ಟು ಮಾತ್ರ.

2000ದ ಹ್ಯಾನೋವರ್ ಎಕ್ಸ್‌ಪೋದಲ್ಲಿ ಪೀಟರ್ ಝುಮ್‌ಥೋರ್ ಸ್ವಿಟ್ಜರ್ಲೆಂಡ್‌ಗಾಗಿ ಕಟ್ಟಿದ ಪೆವಿಲಿಯನ್ ಈ ಕಂಪನಿಯವರಿಗೆ ಮೆಚ್ಚುಗೆಯಾಗುತ್ತಿತ್ತು. ಆಗತಾನೆ ಕೊಯ್ದ ಮರದ ತೊಲೆಗಳನ್ನು, ಅಡ್ಡೆಯಲ್ಲಿ ಒಣಗಲು ಪೇರಿಸಿಟ್ಟಂತೆ, ಒಂದರ ಮೇಲೊಂದು ಒಟ್ಟಿದ್ದರು. ಅಂಟಿಲ್ಲ, ಮೊಳೆಯಿಲ್ಲ, ಉಕ್ಕಿನ ಸರಳುಗಳು ಮೇಲಿನಿಂದ ಕೆಳಗೆ ಬಿಗಿದು ಹಿಡಿದಿದ್ದವು. ಎಲ್ಲ ತೊಲೆಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು 144 ಕಿಲೋಮೀಟರ್, ಹುಬ್ಬಳ್ಳಿಯಿಂದ ಶುರುಮಾಡಿದರೆ ದಾವಣಗೆರೆಯ ಹತ್ತಿರಕ್ಕೆ ಬರುತ್ತದೆ. ಆ ಓಣಿಗಳಲ್ಲಿ ಸಂಗೀತಗಾರರು ನುಡಿಸುತ್ತ ಅಡ್ಡಾಡುತ್ತಿದ್ದರು. ಎಕ್ಸ್‌ಪೋ ಮುಗಿಯುವ ಹೊತ್ತಿಗೆ ಮರ ಒಣಗಿತ್ತು, ಬಿಚ್ಚಿ ಮಾರಿದರು. ಅದೇ ಮೇಳದಲ್ಲಿ ಜಪಾನಿನ ಶಿಗೆರು ಬಾನ್ 440 ಕಾಗದದ ಕೊಳವೆಗಳನ್ನು ಹೆಣೆದು ಕಮಾನು ಸೂರು ನಿಲ್ಲಿಸಿದರು. ಪಾಯಕ್ಕೂ ಕಾಂಕ್ರೀಟ್ ಸುರಿಯಲಿಲ್ಲ, ಮರಳು ತುಂಬಿದ ಪೆಟ್ಟಿಗೆಗಳನ್ನಿಟ್ಟರು. ಎಲ್ಲವೂ ಹೀಗೆ ಕರಗಿಹೋಗಲೇಬೇಕೆಂದಿಲ್ಲ. ಮಿಲಾನ್‌ನಲ್ಲಿ ಬ್ರಿಟನ್ ನಿಲ್ಲಿಸಿದ್ದ ಅಲ್ಯೂಮಿನಿಯಂ ಜೇನುಗೂಡಿನೊಳಗಿನ ಬೆಳಕು ಮತ್ತು ಸದ್ದು ಇಂಗ್ಲೆಂಡಿನ ನಿಜವಾದ ಜೇನುಗೂಡಿನ ಕಂಪನಕ್ಕೆ ತಕ್ಕಂತೆ ಏರಿಳಿಯುತ್ತಿದ್ದವು. ಅದು ಮರುವರ್ಷ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಹೋಗಿ ನೆಲೆಸಿತು.

ಹಣದ ವಿಚಾರದಲ್ಲಿ ನಾನು ಹೆಚ್ಚು ಬೆಳೆಸುವುದಿಲ್ಲ. ಮದುವೆಯ ಮಂಟಪಕ್ಕೇ ಎಲ್ಲ ಸುರಿದು ಊಟದ ಹೊತ್ತಿಗೆ ಕೈ ಬರಿದಾದ ಮನೆಗಳನ್ನು ನೋಡಿದ್ದೇವೆ. ಮುಂಗೋಡೆಗೆ ಖರ್ಚು ಮಾಡಿ, ಆರು ತಿಂಗಳು ಬಾಗಿಲಲ್ಲಿ ನಿಂತು ಸ್ವಾಗತಿಸುವ ಹುಡುಗರ ಸಂಬಳ, ಕೆಟ್ಟ ಪರದೆಯ ರಿಪೇರಿ, ಶೌಚಾಲಯದ ಸ್ವಚ್ಛತೆ, ಅತಿಥಿಗಳ ಕೋಣೆ, ಉಗ್ರಾಣ ಇವುಗಳನ್ನು ಮರೆತ ಪೆವಿಲಿಯನ್ ಎರಡನೆಯ ತಿಂಗಳಿಗೇ ಮಂಕಾಗುತ್ತದೆ.

ಮಕ್ಕಳ ಚಿತ್ರಗಳಲ್ಲಿ ಗೋಡೆಗೆ ಕೇಸರಿ, ಬಿಳಿ, ಹಸಿರು ಬಳಿದಿದ್ದರೆ ಅವರನ್ನು ಬೆಂಗೇರಿಗೆ ಕಳಿಸುತ್ತೇನೆ. ನಮ್ಮ ಹುಬ್ಬಳ್ಳಿಯ ಈ ಖಾದಿ ಕೇಂದ್ರದಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನ್ಯತೆಯೊಂದಿಗೆ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ಉದ್ದ ಅಗಲ ಮೂರಕ್ಕೆ ಎರಡು, ಚಕ್ರದ ಅರೆಗಳು 24, ಬಟ್ಟೆಯ ಎರಡೂ ಮಗ್ಗುಲಲ್ಲಿ ಚಕ್ರ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂಡಬೇಕು. ಹೊಲಿಯುವ ಹೆಣ್ಣುಮಕ್ಕಳು ಅಳತೆಯ ವಿಚಾರದಲ್ಲಿ ತೋರುವ ಶ್ರದ್ಧೆಯನ್ನು ನೋಡಿ ಬಂದ ಮಕ್ಕಳು ಗೋಡೆಯ ಬಣ್ಣ ಅಳಿಸಿಬಿಡುತ್ತಾರೆ. ಬಾಗಿಲ ಮುಂದೆ ಧ್ವಜ ಹಾರುತ್ತಿರುವಾಗ ದೇಶದ ಹೆಸರು ಆಗಲೇ ಹೇಳಿಯಾಗಿದೆ. ಕಟ್ಟಡ ಅದರ ಮುಂದಿನ ಮಾತು ಹೇಳಬೇಕು.

ಅಭ್ಯಾಸದ ಕೊನೆಯ ದಿನ ಎಲ್ಲರೂ ತಮ್ಮ ಮಾದರಿಗಳನ್ನು ಮೇಜಿನ ಮೇಲೆ ಇಡುತ್ತಾರೆ. ವಿವರಣೆ ಮುಗಿದ ಮೇಲೆ ನಾನು ಗಡಿಯಾರ ನೋಡಿ, ‘ಎಕ್ಸ್‌ಪೋ ಮುಗಿಯಿತು, ಬಿಚ್ಚಿ’ ಎನ್ನುತ್ತೇನೆ. ಆ ವರ್ಷ ಅಂಟು ಹಾಕಿದ ಮಾದರಿಗಳು ಮುರಿದವು. ಬೆಟಗೇರಿಯ ಹುಡುಗಿಯದು ರಟ್ಟಿನ ಪಟ್ಟಿಗಳಿಗೆ ಸೀಳು ಕೊಯ್ದು ಒಂದಕ್ಕೊಂದು ಸಿಕ್ಕಿಸಿದ್ದು. ನಾಲ್ಕು ನಿಮಿಷದಲ್ಲಿ ಬಿಚ್ಚಿ, ಪೇಡೆಯ ಖಾಲಿ ಡಬ್ಬಿಯೊಳಗೆ ಚೊಕ್ಕವಾಗಿ ಜೋಡಿಸಿ, ಸಂಜೆಯ ಗದಗ ಬಸ್ಸಿಗೆ ಓಡಿದಳು. ಮನೆಯಲ್ಲಿ ಅದನ್ನು ಮತ್ತೆ ಜೋಡಿಸಿ ಅವ್ವನ ಮುಂದೆ ಇಟ್ಟಳಂತೆ. ಅವ್ವ ಕನ್ನಡಕ ಹಾಕಿಕೊಂಡು, ದಾರಿಯುದ್ದಕ್ಕೂ ಬೆರಳಾಡಿಸುತ್ತ ಕೋಣೆಗಳನ್ನು ಎಣಿಸಿ, ತಿರುವಿನ ಹತ್ತಿರ ಬೆರಳು ನಿಲ್ಲಿಸಿ, ‘ಇಲ್ಲಿ ಒಂದು ಎಳೆ ತಪ್ಪಿದೆ, ನೋಡು’ ಎಂದರಂತೆ. ಮರುದಿನ ಬೆಳಿಗ್ಗೆ ತರಗತಿ ಶುರುವಾಗುವ ಮೊದಲು ಅವಳು ಡಬ್ಬಿ ತೆರೆದು, ಏಳನೆಯ ಗೋಡೆಯನ್ನು ಒಂದು ಸೀಳು ಆಚೆಗೆ ಸರಿಸಿದಳು.